ಮದುವೆ ಊಟಕ್ಕೇ ಅಮಲೇರುತ್ತಾ?

ಪ್ರಶ್ನೆ: ಡಾಕ್ಟ್ರೇ, ನಾವು ಬೆಂಗಳೂರಿನ ವಿಜಯನಗರದಲ್ಲಿದ್ದೇವೆ. ನಮ್ಮ ಯಜಮಾನರಿಗೆ 46 ವರ್ಷ. ಕುಡಿಯುವ ಅಭ್ಯಾಸ ಇಲ್ಲ. ಕೆಲವು ವರ್ಷಗಳಿಂದ ಶುಗರ್ ಇದೆ, ಮೆಟ್‌ಫಾರ್ಮಿನ್ ಮತ್ತು ಗ್ಲಿಮೆಪಿರೈಡ್ ತಗೊಳ್ಳುತ್ತಾರೆ. ಕಳೆದ ವರ್ಷ ಕಾಲಿನ ಗಾಯಕ್ಕೆ ಒಂದು ತಿಂಗಳಿಗೂ ಜಾಸ್ತಿ ಆಂಟಿಬಯೋಟಿಕ್ ಕೊಟ್ಟಿದ್ದರು. ಆಮೇಲಿಂದ ಹೊಟ್ಟೆ ಉಬ್ಬರ ಶುರುವಾಗಿದೆ. ಆಗಾಗ ಊಟವಾದ ಒಂದೆರಡು ಗಂಟೆಗೆ ಮಾತು ತೊದಲುತ್ತದೆ, ತೂರಾಡುತ್ತಾರೆ. ಬೆಳಿಗ್ಗೆ ಎದ್ದರೆ ಏನೂ ಇಲ್ಲ. ಹೋದ ತಿಂಗಳು ರಾಜಾಜಿನಗರದ ಛತ್ರದಲ್ಲಿ ರಿಸೆಪ್ಷನ್ ಊಟ ಮುಗಿಸಿ ಬರುವಾಗ ಟ್ರಾಫಿಕ್ ಪೊಲೀಸರು ಊದಿಸಿದರು. 48 ತೋರಿಸಿತು, ಕೇಸ್ ಆಗಿದೆ. ನಾನು ಪಕ್ಕದಲ್ಲೇ ಇದ್ದೆ. ಊಟ, ಎರಡು ಹೋಳಿಗೆ, ಐಸ್‌ಕ್ರೀಮ್, ಬೀಡ, ಅಷ್ಟೇ ತಿಂದಿದ್ದು. ಈಗ ನಮ್ಮತ್ತೆಯೇ ಮಗನನ್ನು ನಂಬುತ್ತಿಲ್ಲ. ಹೊಟ್ಟೆಯೊಳಗೇ ಹೆಂಡ ತಯಾರಾಗುವ ಕಾಯಿಲೆ ಇದೆಯಂತೆ, ನಿಜವಾ? ಇಡ್ಲಿ, ದೋಸೆ ನಿಲ್ಲಿಸಬೇಕಾ? ಅನ್ನ ಬಿಡಿಸಿ ಫಂಗಸ್ ಮಾತ್ರೆ ಕೊಟ್ಟು ನೋಡಬಹುದಾ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಕೊಡುತ್ತೇನೆ, ಯಾಕೆಂದರೆ ಅದು ಅಪಾಯದ ವಿಷಯ. ಅನ್ನವನ್ನು ಏಕಾಏಕಿ ಬಿಡಿಸಬೇಡಿ. ಫಂಗಸ್ ಮಾತ್ರೆಯನ್ನಂತೂ ಮೆಡಿಕಲ್ ಶಾಪಿನಿಂದ ತಂದು ಕೊಡಲೇಬೇಡಿ. ನಿಮ್ಮವರು ಗ್ಲಿಮೆಪಿರೈಡ್ ತಗೊಳ್ಳುತ್ತಿದ್ದಾರೆ. ಊಟ ಇರಲಿ ಇಲ್ಲದಿರಲಿ, ಆ ಮಾತ್ರೆ ಇನ್ಸುಲಿನ್ ಬಿಡುಗಡೆ ಮಾಡಿಸುತ್ತಲೇ ಇರುತ್ತದೆ. ಅನ್ನ ನಿಲ್ಲಿಸಿ ಮಾತ್ರೆ ಮಾತ್ರ ಹಾಗೇ ಮುಂದುವರಿಸಿದರೆ ಶುಗರ್ ಕುಸಿಯುತ್ತದೆ. ಇದರ ಮೇಲೆ ಫ್ಲುಕೋನಜೋಲ್ ಎಂಬ ಫಂಗಸ್ ಮಾತ್ರೆ ಸೇರಿತು ಅಂದರೆ ಇನ್ನೂ ಕಷ್ಟ. ಗ್ಲಿಮೆಪಿರೈಡನ್ನು ಕರಗಿಸುವ ಲಿವರ್‌ನ ಕಿಣ್ವವನ್ನೇ ಅದು ತಡೆಯುತ್ತದೆ, ಹಾಗಾಗಿ ಗ್ಲಿಮೆಪಿರೈಡ್‌ನ ಪ್ರಭಾವ ಏರುತ್ತದೆ. ಶುಗರ್ ಕುಸಿದವರು ಹೇಗೆ ಕಾಣುತ್ತಾರೆ ಗೊತ್ತಲ್ವಾ? ಮಾತು ತೊದಲುತ್ತದೆ, ಹೆಜ್ಜೆ ತಪ್ಪುತ್ತದೆ, ಸುಮ್ನೆ ಸಿಟ್ಟಾಗುತ್ತಾರೆ. ನೋಡಿದವರೆಲ್ಲ ಕುಡಿದಿದ್ದಾರೆ ಅಂತಲೇ ಅಂದುಕೊಳ್ಳುತ್ತಾರೆ.

ಈಗ ಮುಖ್ಯ ಪ್ರಶ್ನೆಗೆ ಬರೋಣ. ಕಾಯಿಲೆ ನಿಜ. ಆಟೋ ಬ್ರೂವರಿ ಸಿಂಡ್ರೋಮ್ ಅನ್ನುತ್ತಾರೆ. ಮುಖ್ಯವಾಗಿ ಯೀಸ್ಟ್ ಎಂಬ ಒಂದು ಥರದ ಫಂಗಸ್ ಕರುಳಿನಲ್ಲಿ ಬೆಳೆದು, ತಿಂದ ಪಿಷ್ಟ, ಸಕ್ಕರೆಯನ್ನು ಆಲ್ಕೋಹಾಲ್ ಮಾಡುತ್ತದೆ. ಬಹಳ ಅಪರೂಪ, ಆದರೆ ಕಟ್ಟುಕಥೆ ಅಲ್ಲ. 1970ರ ದಶಕದ ಹೊತ್ತಿಗೇ ಜಪಾನಿನ ವೈದ್ಯರು ಇಂಥ ರೋಗಿಗಳ ಬಗ್ಗೆ ಬರೆದಿದ್ದರು. ಆಗ ಜಪಾನಿನಲ್ಲೇ ಹೆಚ್ಚಾಗಿ ಕಣ್ಣಿಗೆ ಬಿದ್ದದ್ದಕ್ಕೆ ಒಂದು ಕಾರಣವೂ ಇರಬಹುದು. ಪೂರ್ವ ಏಷ್ಯಾದ ಬಹಳ ಜನರಲ್ಲಿ ಆಲ್ಕೋಹಾಲನ್ನು ಪೂರ್ತಿ ಕರಗಿಸುವ ಒಂದು ಕಿಣ್ವ ಹುಟ್ಟಿನಿಂದಲೇ ದುರ್ಬಲ. ಅವರಿಗೆ ಸ್ವಲ್ಪ ಆಲ್ಕೋಹಾಲ್ ಸಾಕು, ಮುಖ ಕೆಂಪಾಗಿ ತಲೆ ತಿರುಗುತ್ತದೆ.

ನಿಜ ಹೇಳಬೇಕೆಂದರೆ ಚೂರುಪಾರು ಆಲ್ಕೋಹಾಲ್ ನಮ್ಮೆಲ್ಲರ ಕರುಳಿನಲ್ಲೂ ಪ್ರತಿದಿನ ಹುಟ್ಟುತ್ತದೆ. ಕರುಳಿನ ರಕ್ತವೆಲ್ಲ ಮೊದಲು ಲಿವರ್‌ಗೆ ಹೋಗುತ್ತದೆ, ಅಲ್ಲೇ ಅದು ಮುಗಿಯುತ್ತದೆ. ಹಾಗಾಗಿ ಆರೋಗ್ಯವಂತರ ರಕ್ತದಲ್ಲಿ 100 ಮಿಲಿಗೆ 1 ಮಿಲಿಗ್ರಾಂ ಕೂಡ ಸಿಗುವುದಿಲ್ಲ. ನಿಮ್ಮವರ ಯಂತ್ರ ತೋರಿಸಿದ್ದು 48. ಕಾನೂನಿನ ಮಿತಿ 30. ಈ 48 ಅಂದರೆ ಎಷ್ಟು ಅಂತ ಸ್ವಲ್ಪ ಲೆಕ್ಕ ಹಾಕೋಣ, ಯಾಕೆಂದರೆ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಈ ಲೆಕ್ಕದಲ್ಲೇ ಇದೆ.

70 ಕಿಲೋ ತೂಕದ ಗಂಡಸಿನ ರಕ್ತದಲ್ಲಿ 48 ಇರಬೇಕಾದರೆ ಮೈಯಲ್ಲಿ ಒಟ್ಟು ಸುಮಾರು 23 ಗ್ರಾಂ ಆಲ್ಕೋಹಾಲ್ ಇರಬೇಕು. 30 ಮಿಲಿಯ ಒಂದು ಸಣ್ಣ ಪೆಗ್ ವಿಸ್ಕಿಯಲ್ಲಿ ಸುಮಾರು 10 ಗ್ರಾಂ ಇರುತ್ತದೆ. ಅಂದರೆ ಎರಡು ಸಣ್ಣ ಪೆಗ್‌ಗಿಂತ ಸ್ವಲ್ಪ ಜಾಸ್ತಿ. ಅದನ್ನು ಯೀಸ್ಟ್ ತಯಾರಿಸಬೇಕಾದರೆ ಕಡಿಮೆ ಅಂದರೂ 45 ಗ್ರಾಂ ಸಕ್ಕರೆ ಬೇಕು. ಒಂದು ಬಟ್ಟಲು ಅನ್ನದಲ್ಲಿ ಹೆಚ್ಚೂಕಡಿಮೆ ಅಷ್ಟು ಇರುತ್ತದೆ, ಎರಡು ಹೋಳಿಗೆಯಲ್ಲಿ ಅದಕ್ಕಿಂತಲೂ ಜಾಸ್ತಿ. ಇಷ್ಟು ಕೇಳಿದರೆ ಸುಲಭ ಅನ್ನಿಸುತ್ತದೆ ಅಲ್ವಾ?

ಅಷ್ಟು ಸುಲಭ ಅಲ್ಲ. ಆ ಕಡೆ ಲಿವರ್ ಸುಮ್ನೆ ಕೂತಿರುವುದಿಲ್ಲ. ಅದು ಗಂಟೆಗೆ 7 ಗ್ರಾಂನಷ್ಟು ಆಲ್ಕೋಹಾಲ್ ಕರಗಿಸುತ್ತಿರುತ್ತದೆ. ಅದನ್ನು ಮೀರಿಸಬೇಕಾದರೆ ಯೀಸ್ಟ್ ಗಂಟೆಗೆ 14 ಗ್ರಾಂಗಿಂತ ಜಾಸ್ತಿ ಸಕ್ಕರೆ ತಿನ್ನಬೇಕು. ಆದರೆ ಆರೋಗ್ಯವಾದ ಸಣ್ಣ ಕರುಳು ಸಕ್ಕರೆಯನ್ನು ಯೀಸ್ಟಿಗೆ ಸಿಗುವಷ್ಟು ಹೊತ್ತು ಬಿಡುವುದೇ ಇಲ್ಲ, ಬಂದ ಹಾಗೇ ಹೀರಿಬಿಡುತ್ತದೆ. ಇನ್ನೊಂದು ವಿಷಯ ಗ್ಯಾಸ್. 23 ಗ್ರಾಂ ಆಲ್ಕೋಹಾಲ್ ಹುಟ್ಟುವಾಗ ಅದರ ಜೊತೆಗೆ 12 ಲೀಟರಿನಷ್ಟು ಕಾರ್ಬನ್ ಡೈಆಕ್ಸೈಡ್ ಕೂಡ ಹುಟ್ಟುತ್ತದೆ. ಸುಮಾರು ಭಾಗ ರಕ್ತಕ್ಕೆ ಸೇರಿ ಉಸಿರಿನಲ್ಲಿ ಹೋಗುತ್ತದೆ, ನಿಜ. ಆದರೂ ಹೊಟ್ಟೆ ಉಬ್ಬದೆ, ತೇಗು ಬರದೆ, ಸದ್ದಿಲ್ಲದೆ ಇಷ್ಟು ಆಲ್ಕೋಹಾಲ್ ತಯಾರಾಯಿತು ಎಂದು ಯಾರಾದರೂ ಹೇಳಿದರೆ ನನಗೆ ಅನುಮಾನ ಬರುತ್ತದೆ. ನಿಮ್ಮವರಿಗೆ ಉಬ್ಬರ ಇದೆ ಎಂದಿರಿ. ಅದನ್ನು ನಾನು ಅವರ ಪರವಾಗಿ ಬರೆದುಕೊಂಡಿದ್ದೇನೆ.

ಅವರ ಪರವಾಗಿ ಇನ್ನೂ ಎರಡು ಅಂಶ ಇವೆ. ಒಂದು, ಹಳೇ ಶುಗರ್. ವರ್ಷಗಟ್ಟಲೆ ಶುಗರ್ ಜಾಸ್ತಿ ಇದ್ದರೆ ಹೊಟ್ಟೆಯ ನರಗಳು ಸೋಲುತ್ತವೆ. ತಿಂದದ್ದು ಮುಂದಕ್ಕೆ ಹೋಗುವುದಿಲ್ಲ, ಗಂಟೆಗಟ್ಟಲೆ ಅಲ್ಲೇ ನಿಲ್ಲುತ್ತದೆ. ನಿಂತಲ್ಲಿ ಹುಳಿ ಬರುತ್ತದೆ. ಇನ್ನೊಂದು, ಆ ಆಂಟಿಬಯೋಟಿಕ್. ಕರುಳಿನ ಬ್ಯಾಕ್ಟೀರಿಯಾ ಸತ್ತ ಜಾಗದಲ್ಲಿ ಯೀಸ್ಟ್ ಬಂದು ಕೂರುತ್ತದೆ. ಅಂದಹಾಗೆ, ಆಂಟಿಬಯೋಟಿಕ್ ಜೊತೆ ಭೇದಿ ಆಗದಿರಲಿ ಅಂತ ಒಂದು ಪುಡಿಯ ಪೊಟ್ಟಣ ಕೊಡುತ್ತಾರಲ್ಲ, ಅದರಲ್ಲಿ ಕೆಲವು ಯೀಸ್ಟೇ. ಆಗ ಅದನ್ನು ಕೊಟ್ಟಿದ್ದರಾ ಅಂತ ಹಳೇ ಚೀಟಿಗಳಲ್ಲಿ ನೋಡಿ.

ಅಮೆರಿಕದ ಒಂದು ಕೇಸ್ ನಿಮ್ಮವರ ಕಥೆಗೆ ಬಹಳ ಹತ್ತಿರ. ನ್ಯೂಯಾರ್ಕಿನ ಸ್ಟೇಟನ್ ಐಲೆಂಡ್ ವೈದ್ಯರು 2019ರಲ್ಲಿ ಅದನ್ನು ಪ್ರಕಟಿಸಿದರು. ರೋಗಿಗೆ 46 ವರ್ಷ. ಹೆಬ್ಬೆರಳಿನ ಗಾಯಕ್ಕೆ ಆಂಟಿಬಯೋಟಿಕ್ ತಗೊಂಡ ಮೇಲೆ ಮಂಕು, ಮರೆವು, ಸಿಟ್ಟು ಶುರುವಾಯಿತು. ಮನೋವೈದ್ಯರು ಖಿನ್ನತೆಗೆ ಮಾತ್ರೆ ಕೊಟ್ಟರು. ಕೊನೆಗೆ ಒಂದು ದಿನ ಗಾಡಿ ಓಡಿಸುವಾಗ ಸಿಕ್ಕಿಬಿದ್ದರು. ರಕ್ತದಲ್ಲಿ 200 ಇತ್ತು. ಕುಡಿದಿಲ್ಲ ಅಂದರೆ ಪೊಲೀಸರೂ ನಂಬಲಿಲ್ಲ, ಆಸ್ಪತ್ರೆಯವರೂ ನಂಬಲಿಲ್ಲ. ಮುಂದೆ ಪಿಷ್ಟ, ಸಕ್ಕರೆ ಇರುವ ಊಟ ಕೊಟ್ಟು ನೋಡಿದಾಗ, ಎಂಟು ಗಂಟೆಗಳ ನಂತರ ರಕ್ತದ ಆಲ್ಕೋಹಾಲ್ 57ಕ್ಕೆ ಏರಿತು. ಎಂಡೋಸ್ಕೋಪಿಯಲ್ಲಿ ತೆಗೆದ ದ್ರವದಲ್ಲಿ ಕ್ಯಾಂಡಿಡಾ ಎಂಬ ಫಂಗಸ್ ಬೆಳೆಯಿತು. ಮಾತ್ರೆ ಕೊಟ್ಟರು, ಚೇತರಿಸಿಕೊಂಡರು. ನಡುವೆ ಯಾರಿಗೂ ಹೇಳದೆ ಪಿಜ್ಜಾ ತಿಂದು ಸೋಡಾ ಕುಡಿದರು, ಮತ್ತೆ ಶುರು! ಆಮೇಲೆ ಇಂಜೆಕ್ಷನ್ ರೂಪದ ಫಂಗಸ್ ಔಷಧಿ ಕೊಟ್ಟು ವಾಸಿ ಮಾಡಿದರು. ಕಡೆಗೆ ಮಾಮೂಲಿ ಊಟಕ್ಕೂ ಮರಳಿದರು.

ಫಂಗಸ್ ಮಾತ್ರವೇ ಕಾರಣ ಅಂತಲೂ ಅಲ್ಲ. ಅದೇ ವರ್ಷ ಚೀನಾದ ಸಂಶೋಧಕರು ಕ್ಲೆಬ್‌ಸಿಯೆಲ್ಲಾ ಅನ್ನುವ ಬ್ಯಾಕ್ಟೀರಿಯಾದಿಂದ ಅಮಲೇರುತ್ತಿದ್ದ ಒಬ್ಬ ರೋಗಿಯ ಬಗ್ಗೆ ಬರೆದರು. ಅವರಿಗೆ ಫ್ಯಾಟಿ ಲಿವರ್ ಇತ್ತು. ಕುಡಿಯದೆಯೂ ಫ್ಯಾಟಿ ಲಿವರ್ ಇದ್ದ ಬೇರೆಯವರನ್ನೂ ಪರೀಕ್ಷಿಸಿದಾಗ ಸುಮಾರು 60% ಜನರಲ್ಲಿ ಆಲ್ಕೋಹಾಲ್ ಜಾಸ್ತಿ ಮಾಡುವ ಕ್ಲೆಬ್‌ಸಿಯೆಲ್ಲಾ ಸಿಕ್ಕಿತು. ಅವರಿಗೆಲ್ಲ ಅಮಲೇನೂ ಏರುತ್ತಿರಲಿಲ್ಲ. ಬ್ಯಾಕ್ಟೀರಿಯಾ ಕಾರಣವಾದರೆ ಫಂಗಸ್ ಮಾತ್ರೆ ಎಷ್ಟು ನುಂಗಿದರೂ ದಂಡ. ಯಾವ ಸೂಕ್ಷ್ಮಜೀವಿ, ಯಾವ ಔಷಧಿಗೆ ಅದು ಸಾಯುತ್ತದೆ ಅಂತ ಕಲ್ಚರ್ ಮಾಡಿಸಿಯೇ ಔಷಧಿ ಕೊಡಬೇಕು.

ಇಷ್ಟೆಲ್ಲ ಹೇಳಿದ ಮಾತ್ರಕ್ಕೆ ನಿಮ್ಮವರಿಗೆ ಇದೇ ಕಾಯಿಲೆ ಅಂತ ನಾನು ಹೇಳುತ್ತಿಲ್ಲ. ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ಸಂಗತಿಗಳಿವೆ. ಊಟದ ನಂತರ ತೂರಾಡುವುದು ಒಂದು. ಆ ರಾತ್ರಿಯ 48 ಇನ್ನೊಂದು. ಎರಡಕ್ಕೂ ಒಂದೇ ಕಾರಣ ಅಂತ ನೀವು ಅಂದುಕೊಂಡಿದ್ದೀರಿ. ಇರಬಹುದು, ಇಲ್ಲದಿರಲೂಬಹುದು.

ತೂರಾಟಕ್ಕೆ ನನ್ನ ಮೊದಲ ಅನುಮಾನ ಶುಗರ್ ಕುಸಿತದ ಮೇಲೆ. ಊಟ ಆದ ಮೇಲೆ ಕುಸಿಯುತ್ತಾ ಅಂತ ಕೇಳುತ್ತೀರಿ. ಕುಸಿಯುತ್ತದೆ. ಹೊಟ್ಟೆ ನಿಧಾನ ಆಗಿರುವವರಲ್ಲಿ ಅನ್ನ ಇನ್ನೂ ಹೊಟ್ಟೆಯಲ್ಲೇ ಕೂತಿರುತ್ತದೆ, ಮಾತ್ರೆ ಮಾತ್ರ ಕೆಲಸ ಶುರು ಮಾಡಿರುತ್ತದೆ. ಛತ್ರದಲ್ಲಿ ಇನ್ನೊಂದು ಥರ ಆಗುತ್ತದೆ. ಎಂಟಕ್ಕೆ ಊಟ ಅಂತ ಮಾತ್ರೆ ನುಂಗಿ ಹೊರಡುತ್ತಾರೆ. ವೇದಿಕೆ ಮುಂದೆ ಕ್ಯೂ, ಫೋಟೋ, ಮೊದಲ ಪಂಕ್ತಿ ತಪ್ಪಿ ಎಲೆ ಮುಂದೆ ಕೂರುವಾಗ ಹತ್ತು ಗಂಟೆ. ಹಾಗಾಗಿ ಮನೆಯಲ್ಲಿ ಗ್ಲೂಕೋಮೀಟರ್ ಇಡಿ. ಮಾತು ತೊದಲಿದ ತಕ್ಷಣ ಬೆರಳು ಚುಚ್ಚಿ ನೋಡಿ. 70ಕ್ಕಿಂತ ಕಡಿಮೆ ಇದ್ದು, ನುಂಗುವಷ್ಟು ಎಚ್ಚರ ಇದ್ದರೆ ಮೂರು ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿಸಿ, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ. ಎಚ್ಚರ ಇಲ್ಲದಿದ್ದರೆ ಬಾಯಿಗೆ ಏನೂ ಹಾಕಬೇಡಿ, 108ಕ್ಕೆ ಫೋನ್ ಮಾಡಿ.

ಲಿವರ್ ಕಡೆಗೂ ಒಂದು ಕಣ್ಣಿರಲಿ. ಲಿವರ್ ತುಂಬಾ ಹಾಳಾದವರಲ್ಲಿ ಕರುಳಿನಲ್ಲಿ ಹುಟ್ಟುವ ಅಮೋನಿಯ ಕರಗದೆ ಮೆದುಳಿಗೆ ಹೋಗುತ್ತದೆ. ದೇಹವೇ ಹುಟ್ಟಿಸಿಕೊಂಡ ಅಮಲು ಅಂದರೆ ನಾನು ನಮ್ಮ ಓಪಿಡಿಯಲ್ಲಿ ಪದೇ ಪದೇ ನೋಡುವುದು ಇದನ್ನೇ. ಒಬ್ಬ ಹಿರಿಯರನ್ನು ಮಗ ಕೈಹಿಡಿದು ಕರೆತಂದಿದ್ದ. ಕುಡಿತ ಬಿಟ್ಟು ಎಷ್ಟೋ ಕಾಲವಾಗಿತ್ತು, ಆದರೂ ಮತ್ತೆ ಕದ್ದು ಕುಡಿಯುತ್ತಿದ್ದಾರೆ ಅಂತ ಮನೆಯಲ್ಲಿ ಜಗಳ. ಎರಡೂ ಕೈ ಮುಂದೆ ಚಾಚಿ ಬೆರಳು ಮೇಲೆತ್ತಿ ಅಂದೆ. ಮಣಿಕಟ್ಟು ನಿಲ್ಲಲಿಲ್ಲ, ಪಟಪಟ ಬಿದ್ದು ಏಳುತ್ತಿತ್ತು. ರಕ್ತದಲ್ಲಿ ಆಲ್ಕೋಹಾಲ್ ಸೊನ್ನೆ. ಯಾತ್ರೆಗೆ ಹೋಗಿ ಬಂದಾಗಿನಿಂದ ಮಲಬದ್ಧತೆಯಾಗಿತ್ತಂತೆ, ಅದೇ ಕಾರಣ. ಹೊಟ್ಟೆ ಸಾಫ್ ಆಗಲು ಲ್ಯಾಕ್ಟುಲೋಸ್ ಕೊಟ್ಟೆವು. ಮೂರನೇ ದಿನ ವಾರ್ಡಿನಲ್ಲಿ ಕೂತು ಮಗನಿಗೇ ಬೈಯುತ್ತಿದ್ದರು.

ಸಣ್ಣ ಕರುಳನ್ನು ಬಹುಪಾಲು ಕತ್ತರಿಸಿ ತೆಗೆದವರಲ್ಲಿ ಇನ್ನೊಂದು ಬರುತ್ತದೆ. ಜೀರ್ಣವಾಗದ ಸಕ್ಕರೆ ದೊಡ್ಡ ಕರುಳಿಗೆ ಹೋಗಿ, ಅಲ್ಲಿನ ಬ್ಯಾಕ್ಟೀರಿಯಾ ಡಿ-ಲ್ಯಾಕ್ಟಿಕ್ ಆಮ್ಲ ಮಾಡುತ್ತವೆ. ಮಾತು, ನಡಿಗೆ ಎಲ್ಲಾ ಕುಡಿದವರ ಹಾಗೆ, ಆಲ್ಕೋಹಾಲ್ ಮಾತ್ರ ಇಲ್ಲ. ಹಬ್ಬದ ಮಾರನೇ ದಿನ ಮಿಕ್ಕ ಅನ್ನ, ಪಾಯಸ ಹಾಕಿಸಿಕೊಂಡ ಹಸು ತೂರಾಡಿ ಮಲಗಿಬಿಡುವುದನ್ನು ಹಳ್ಳಿಯವರು ನೋಡಿರುತ್ತೀರಿ, ಅಲ್ಲೂ ಇದೇ ಆಮ್ಲದ ಕೈವಾಡ ಇರುತ್ತದೆ. ನಿಮ್ಮವರಿಗೆ ಅಂಥ ಆಪರೇಷನ್ ಆಗಿಲ್ಲ, ಹಾಗಾಗಿ ಇದನ್ನು ಬಿಡೋಣ.

ಇನ್ನು 48ರ ವಿಷಯ. ಶುಗರ್ ಕುಸಿದರೆ ಯಂತ್ರ 48 ತೋರಿಸುವುದಿಲ್ಲ. ಯಂತ್ರಕ್ಕೆ ಏನೋ ಸಿಕ್ಕಿದೆ. ಬಾಯಲ್ಲೇ ಉಳಿದ ಆಲ್ಕೋಹಾಲ್ ಆದರೂ ಹೀಗಾಗುತ್ತದೆ. 2025ರಲ್ಲಿ ಕೇರಳದ ಪಂದಳಂ ಬಸ್ ಡಿಪೋದಲ್ಲಿ ಹಲಸಿನ ತೊಳೆ ತಿಂದ ಚಾಲಕರು ಊದಿದಾಗ ಯಂತ್ರ ಕೂಗಿಕೊಂಡ ಸುದ್ದಿ ನೀವೂ ಓದಿರಬಹುದು. ಕೆಮ್ಮಿನ ಸಿರಪ್, ಹೋಮಿಯೋಪಥಿ ಹನಿ, ಬಾಯಿ ಮುಕ್ಕಳಿಸುವ ಔಷಧಿಯಿಂದಲೂ ಆಗುತ್ತದೆ. ಆದರೆ ಇದು ಹದಿನೈದು ನಿಮಿಷದಲ್ಲಿ ಇಳಿದುಹೋಗುತ್ತದೆ. ಛತ್ರ ಬಿಟ್ಟು ಎಷ್ಟು ಹೊತ್ತಿಗೆ ಊದಿಸಿದರು, ಎರಡನೇ ಸಲ ಊದಿಸಿದರಾ, ನೆನಪಿಸಿಕೊಂಡು ಬರೆದಿಡಿ. ಶುಗರ್ ಜಾಸ್ತಿಯಾಗಿ ಅಥವಾ ಅನ್ನ ಪೂರ್ತಿ ಬಿಟ್ಟು ಮೈಯಲ್ಲಿ ಕೀಟೋನ್ (ಕೊಬ್ಬು ಕರಗುವಾಗ ಹುಟ್ಟುವ ವಸ್ತು) ಏರಿದವರಲ್ಲೂ ಯಂತ್ರ ತಪ್ಪಬಹುದು. ಕೀಟೋನ್‌ಗಳಲ್ಲೊಂದಾದ ಅಸಿಟೋನಿನ ಒಂದು ಪಾಲು ದೇಹದೊಳಗೆ ಐಸೋಪ್ರೊಪನಾಲ್ ಆಗುತ್ತದೆ, ಯಂತ್ರಕ್ಕೆ ಅದೂ ಆಲ್ಕೋಹಾಲೇ. ಆದರೆ ಎರಡು ಹೋಳಿಗೆ ತಿಂದವರ ಮಟ್ಟಿಗೆ ಈ ಕಾರಣ ದೂರದ್ದು.

ಕದ್ದು ಕುಡಿಯುವ ಸಾಧ್ಯತೆಯನ್ನೂ ನಾನು ಬಿಡುವ ಹಾಗಿಲ್ಲ. ಬೇಜಾರು ಮಾಡಿಕೊಳ್ಳಬೇಡಿ. ಅಮಲಿನ ಕೇಸುಗಳಲ್ಲಿ ಹೆಚ್ಚಿನವು ಅದೇ. ಹಾಗಿದ್ದರೆ ಅದೂ ಚಿಕಿತ್ಸೆ ಇರುವ ಕಾಯಿಲೆಯೇ, ನಿಮ್ಹಾನ್ಸ್‌ನಲ್ಲಿ ಅದಕ್ಕೆಂದೇ ವಿಭಾಗ ಇದೆ. ಆದರೆ ಹೆಂಡತಿಯ ಮಾತನ್ನು ತಳ್ಳಿಹಾಕುವುದೂ ತಪ್ಪು. ಕೆನಡಾದ ಟೊರೊಂಟೊದಲ್ಲಿ 50 ವರ್ಷದ ಒಬ್ಬ ಮಹಿಳೆ ಎರಡು ವರ್ಷದಲ್ಲಿ ಏಳು ಸಲ ಎಮರ್ಜೆನ್ಸಿಗೆ ಹೋದರು. ಬಾಯಲ್ಲಿ ಆಲ್ಕೋಹಾಲ್ ವಾಸನೆ. ಕುಡಿಯುವುದಿಲ್ಲ ಅಂತ ಮನೆಯವರು ಹೇಳಿದರೂ ಸಲ ಸಲವೂ ಕುಡಿತದ ಹಣೆಪಟ್ಟಿ. ಏಳನೇ ಸಲ ಒಬ್ಬ ವೈದ್ಯರು ಆಟೋ ಬ್ರೂವರಿ ಬಗ್ಗೆ ಯೋಚಿಸಿದರು. ಮೂತ್ರದ ಸೋಂಕಿಗೆ ಮೇಲಿಂದ ಮೇಲೆ ಆಂಟಿಬಯೋಟಿಕ್ ತಗೊಂಡವರು ಅವರು. 2024ರಲ್ಲಿ ಇದು ಪ್ರಕಟವಾಯಿತು.

ಹಾಗಾದರೆ ತೀರ್ಮಾನ ಹೇಗೆ? ನಂಬುವುದೂ ಬೇಡ, ಅನುಮಾನಿಸುವುದೂ ಬೇಡ, ಅಳೆಯೋಣ. ಮುಂದಿನ ಸಲ ತೂರಾಟ ಶುರುವಾದಾಗ ಮೊದಲು ಗ್ಲೂಕೋಮೀಟರ್. ಶುಗರ್ ಸರಿ ಇದ್ದರೆ ತಡಮಾಡದೆ ಹತ್ತಿರದ ದೊಡ್ಡ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ, ರಕ್ತದ ಆಲ್ಕೋಹಾಲ್ ಪರೀಕ್ಷೆ ಬೇಕು ಅನ್ನಿ. ಬೆಳಿಗ್ಗೆ ಹೋದರೆ ಲಿವರ್ ಎಲ್ಲವನ್ನೂ ತೊಳೆದಿಟ್ಟಿರುತ್ತದೆ, ಏನೂ ಸಿಗುವುದಿಲ್ಲ. ರಕ್ತ ತೆಗೆಯುವಾಗ ಕೈಗೆ ಸ್ಪಿರಿಟ್ ಹತ್ತಿ ಹಚ್ಚಬೇಡಿ ಅಂತ ಹೇಳಿ. ಬೂದು ಮುಚ್ಚಳದ ಫ್ಲೋರೈಡ್ ಟ್ಯೂಬಿನಲ್ಲೇ ತೆಗೆಯಲಿ. ಇಲ್ಲದಿದ್ದರೆ ಟ್ಯೂಬಿನೊಳಗೇ ಸೂಕ್ಷ್ಮಜೀವಿಗಳು ಆಲ್ಕೋಹಾಲ್ ಮಾಡಬಹುದು. ಜೊತೆಗೆ ಅಮೋನಿಯ, ಕೀಟೋನ್ ನೋಡಲಿ.

ಮೂತ್ರದ ಪರೀಕ್ಷೆಯೊಂದನ್ನೇ ನೆಚ್ಚಬೇಡಿ. ಶುಗರ್ ಇರುವವರ ಮೂತ್ರದಲ್ಲಿ ಸಕ್ಕರೆ ಇರುತ್ತದೆ, ಯೀಸ್ಟೂ ಇದ್ದರೆ ಮೂತ್ರಕೋಶದಲ್ಲೇ ಆಲ್ಕೋಹಾಲ್ ಹುಟ್ಟುತ್ತದೆ. ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಲಿವರ್ ಕಸಿಗೆ ಕಾಯುತ್ತಿದ್ದ ಮಹಿಳೆಯೊಬ್ಬರನ್ನು ಮೂತ್ರದ ವರದಿ ನೋಡಿ ಕುಡುಕಿ ಎಂದೇ ತಿಳಿದಿದ್ದರು. ರಕ್ತದಲ್ಲಿ ಆಲ್ಕೋಹಾಲ್ ಇರಲೇ ಇಲ್ಲ. ಕೆಲವರು ಇಟಿಜಿ, ಪಿಇಟಿಎಚ್ ಎಂಬ ಪರೀಕ್ಷೆ ಬರೆದುಕೊಡುತ್ತಾರೆ. ರಕ್ತದಲ್ಲಿ ಆಲ್ಕೋಹಾಲ್ ಸುತ್ತಾಡಿದೆಯಾ ಅಂತ ಅವು ಹೇಳುತ್ತವೆ. ಬಾಟಲಿಯಿಂದ ಬಂದಿದ್ದೋ ಕರುಳಿನಿಂದ ಬಂದಿದ್ದೋ ಅವುಗಳಿಗೆ ಗೊತ್ತಾಗುವುದಿಲ್ಲ.

ಅದನ್ನು ಹೇಳುವುದು ಗ್ಲೂಕೋಸ್ ಪರೀಕ್ಷೆ ಒಂದೇ. ಅಡ್ಮಿಟ್ ಮಾಡಿಕೊಂಡು, ಬ್ಯಾಗ್ ಸಮೇತ ಎಲ್ಲಾ ನೋಡಿ, ಹೊರಗಿನಿಂದ ಏನೂ ಬರದ ಹಾಗೆ ಇಟ್ಟು, ಖಾಲಿ ಹೊಟ್ಟೆಗೆ ಸಾಮಾನ್ಯವಾಗಿ 200 ಗ್ರಾಂ ಗ್ಲೂಕೋಸ್ ಕೊಡುತ್ತಾರೆ. ಆಮೇಲೆ 24 ಗಂಟೆ ಬಿಟ್ಟು ಬಿಟ್ಟು ರಕ್ತದ ಆಲ್ಕೋಹಾಲ್ ನೋಡುತ್ತಾರೆ. ಶುಗರ್ ಇರುವವರಿಗೆ ಅಷ್ಟು ಗ್ಲೂಕೋಸ್ ಹುಡುಗಾಟ ಅಲ್ಲ. ಪ್ರಮಾಣ ಎಷ್ಟು ಅಂತ ನಿಮ್ಮ ಶುಗರ್ ಡಾಕ್ಟರನ್ನು ಸೇರಿಸಿಕೊಂಡೇ ನಿರ್ಧರಿಸಬೇಕು. ಮನೆಯಲ್ಲಂತೂ ಪ್ರಯತ್ನಿಸಲೇಬೇಡಿ.

ಇಡ್ಲಿ, ದೋಸೆಯ ಮೇಲೆ ಸಿಟ್ಟು ಬೇಡ. ಹಿಟ್ಟನ್ನು ಹುಳಿ ಬರಿಸುವುದರಲ್ಲಿ ಮುಖ್ಯ ಪಾತ್ರ ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಾದ್ದು. ಇರುವ ಚೂರು ಯೀಸ್ಟ್ ಕೂಡ ಹಬೆಯಲ್ಲಿ, ಕಾವಲಿಯ ಮೇಲೆ ಸಾಯುತ್ತದೆ. ಕಾಯಿಲೆ ಖಚಿತವಾದರೆ ಕಡಿಮೆ ಮಾಡಬೇಕಾದ್ದು ಹುಳಿಯನ್ನಲ್ಲ, ಪಿಷ್ಟ ಮತ್ತು ಸಕ್ಕರೆಯನ್ನು. ಆಗ ರಾಗಿಮುದ್ದೆಗೂ ವಿನಾಯಿತಿ ಇಲ್ಲ. ಆದರೆ ಊಟ ಕಡಿಮೆಯಾದ ದಿನವೇ ಗ್ಲಿಮೆಪಿರೈಡ್ ಕೂಡ ಕಡಿಮೆಯಾಗಬೇಕು, ಡಾಕ್ಟರ್ ಹೇಳಿದ ಪ್ರಮಾಣದಲ್ಲಿ.

ಕೇಸಿನ ಬಗ್ಗೆ ಒಂದು ಮಾತು. ನಾನು ವಕೀಲ ಅಲ್ಲ. ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್ ರಕ್ತದಲ್ಲಿ ಆಲ್ಕೋಹಾಲ್ ಎಷ್ಟಿತ್ತು ಅಂತ ಕೇಳುತ್ತದೆ, ಎಲ್ಲಿಂದ ಬಂತು ಅಂತ ಕೇಳುವುದಿಲ್ಲ. ಮೊದಲ ಸಲಕ್ಕೆ 10,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಊದಿದ ಮೇಲೆ ರಕ್ತ ಪರೀಕ್ಷೆಗೂ 204ನೇ ಸೆಕ್ಷನ್‌ನಲ್ಲಿ ಜಾಗ ಇದೆ. ಬೆಲ್ಜಿಯಂನ ಬ್ರೂಜ್ ಊರಿನ ಕೋರ್ಟ್ 2024ರ ಏಪ್ರಿಲ್‌ನಲ್ಲಿ ಇದೇ ಕಾಯಿಲೆಯ ಒಬ್ಬರನ್ನು ಖುಲಾಸೆ ಮಾಡಿತು. ತಮಾಷೆ ಅಂದರೆ ಅವರ ಕೆಲಸ ಬಿಯರ್ ಕಾರ್ಖಾನೆಯಲ್ಲಿ! ಆದರೆ ಅವರ ಕೈಯಲ್ಲಿ ವೈದ್ಯರ ಪರೀಕ್ಷೆಗಳ ವರದಿ ಇತ್ತು. ಬರೀ ಬಾಯಿಮಾತಿಗೆ ಯಾವ ಕೋರ್ಟೂ ಬಿಡುವುದಿಲ್ಲ. ಹಾಗಾಗಿ ವಕೀಲರ ಹತ್ತಿರ ಹೋಗುವ ಮುಂಚೆ ಪರೀಕ್ಷೆ ಮಾಡಿಸಿ.

ಅಲ್ಲಿಯವರೆಗೆ ಅವರು ಗಾಡಿ ಮುಟ್ಟಬಾರದು. ಕರುಳಿನದಾದರೂ ಬಾಟಲಿಯದಾದರೂ 48ಕ್ಕೆ ಕೈಕಾಲು ನಿಧಾನ ಆಗುವುದು ಒಂದೇ ಥರ, ಶುಗರ್ ಕುಸಿದರೆ ಇನ್ನೂ ಕಷ್ಟ. ಮೆಟ್ರೋ ಇದೆ, ಆಟೋ ಇದೆ. ಹೊಟ್ಟೆ ಮತ್ತು ಕರುಳಿನ ತಜ್ಞರನ್ನು ನೋಡಲು ಹೋಗುವಾಗ ಕಾಲಿನ ಗಾಯದ ಡಿಸ್ಚಾರ್ಜ್ ಚೀಟಿ, ಆಗಿನ ಎಲ್ಲಾ ಮಾತ್ರೆಗಳ ಹೆಸರು, ಗ್ಲೂಕೋಮೀಟರ್‌ನಲ್ಲಿ ಬಂದ ಅಂಕಿಗಳು, ಪೊಲೀಸರು ಕೊಟ್ಟ ಚೀಟಿ ತಗೊಂಡು ಹೋಗಿ. ತೂರಾಡುವಾಗ ಫೋನಿನಲ್ಲಿ ಒಂದು ವಿಡಿಯೋ ಮಾಡಿಟ್ಟುಕೊಂಡರೆ ಇನ್ನೂ ಒಳ್ಳೆಯದು. ನಿಮ್ಮ ಅತ್ತೆಯನ್ನೂ ಜೊತೆಗೆ ಕರೆದುಕೊಂಡು ಹೋಗಿ, ಡಾಕ್ಟರ್ ಹೇಳುವುದನ್ನು ಅವರೇ ಕೇಳಲಿ.